ಚಾ ಮಾಡಿದವಳು ಕೂರುವ ತನಕ

ಆಗೆಲ್ಲ ಶಾಲೆಯ ಹಳದಿ ಬಸ್ಸು ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಬಡಾವಣೆಯ ತಿರುವಿನಲ್ಲಿ ನನ್ನನ್ನು ಇಳಿಸಿ ಹೋಗುತ್ತಿತ್ತು. ಬಾಗಿಲು ಇನ್ನೂ ನಾಲ್ಕು ಮನೆ ಆಚೆ ಇರುವಾಗಲೇ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಎದುರು ಬರುತ್ತಿತ್ತು. ಎಲ್ಲ ವರ್ಷವೂ ಹಾಗಿರಲಿಲ್ಲ. ಆಯಿ ಬಂದಿದ್ದ ಒಂದೇ ಒಂದು ವರ್ಷ, ಅದೂ ಮಾರ್ಚ್‌ನಿಂದ ಇಲ್ಲಿನ ಬೇಸಿಗೆಯ ತನಕ. ಆಯಿ ಎಂದರೆ ಅಪ್ಪನ ತಾಯಿ, ಬೈಲಹೊಂಗಲದವಳು. ಅವಳು ಬಂದಾಗ ರಸ್ತೆಯಂಚಿನ ಹಿಮದ ಗುಡ್ಡೆಗಳು ಕಪ್ಪಾಗಿ ಕರಗುತ್ತಿದ್ದವು. ನಾನು ಮೂರನೆಯ ತರಗತಿಯಲ್ಲಿದ್ದೆ.

ಈ ಸಂಗತಿಯನ್ನು ನಾನು ನಿಧಾನವಾಗಿ ಬರೆಯಬೇಕು. ಅವಸರ ಮಾಡಿದರೆ ಸಿಟ್ಟೇ ಬರೆಯಲು ತೊಡಗುತ್ತದೆ, ನಡೆದದ್ದು ಹಿಂದೆ ಉಳಿಯುತ್ತದೆ. ಆದ್ದರಿಂದ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಅವ್ವ ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದಳು. ನಾನು ಬರುವ ಹೊತ್ತಿಗೆ ಅವಳೂ ಬಂದಿರುತ್ತಿದ್ದಳು. ಆಯಿ ಬರುವ ಮುಂಚೆ ಅವ್ವ ಕೂತದ್ದನ್ನು ನಾನು ನೋಡಿದ ನೆನಪೇ ಇಲ್ಲ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಚಾ ಹಿಡಿದುಕೊಂಡು, ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ, ನನ್ನ ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುತ್ತ, ನಡುನಡುವೆ ಒಂದೊಂದು ಗುಟುಕು ಕುಡಿಯುತ್ತಿದ್ದಳು. ಆಯಿ ಎರಡು ದಿನ ಇದನ್ನು ಸುಮ್ಮನೆ ನೋಡಿದಳು. ಮೂರನೆಯ ದಿನ ಚಾ ಮಾಡಿದವಳು ಅವ್ವ. ಆಯಿಯ ಕಪ್ಪನ್ನು ಬಸಿಯ ಮೇಲಿಟ್ಟು, ಮುಂದೆ ಸರಿಸಿ, ಸಿಂಕಿನ ಕಡೆ ತಿರುಗಿದಳು. ಆಯಿ ಕಪ್ಪು ಮುಟ್ಟಲಿಲ್ಲ.

"ಕುಡೀರಿ ಅತ್ತಿ, ಆರತದ."

"ಆರಲಿ. ನೀ ಬಂದು ಕೂಡು, ಆಮ್ಯಾಲೆ ಕುಡೀತೀನಿ."

"ಇದೊಂದೀಟು ಪಾತ್ರಿ ಅದಾವ್ರಿ."

"ಪಾತ್ರಿ ಎಲ್ಲಿ ಓಡಿ ಹೋಗ್ತಾವ? ಅಮೆರಿಕಾದ ಪಾತ್ರಿಗೆ ಕಾಲ ಅದಾವೇನು?"

ಅವ್ವ ನಕ್ಕಳು. ಕೈ ಒರೆಸಿಕೊಂಡು ಬಂದು ಕೂತಳು. ಆಗ ಆಯಿ ಕಪ್ಪು ಎತ್ತಿದಳು. ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ಹೊಸ ಕ್ರಮ ಬಂತು. ನನಗೆ ಹೊಸದು, ಆಯಿಯ ಮನೆಯಲ್ಲಿ ಅದು ಹಳೆಯದು. ಚಾ ಮಾಡಿದವರು ಬಂದು ಕೂರುವ ತನಕ ಯಾರೂ ಕಪ್ಪು ಎತ್ತುವಂತಿಲ್ಲ.

ಚಾದ ಜೊತೆಗೆ ಆಯಿ ಮಾಡಿದ ಒಗ್ಗರಣೆಯ ಚುರುಮುರಿ, ಶೇಂಗಾ ಉಂಡಿ, ಮೋಡವಿದ್ದ ದಿನ ಮೆಣಸಿನಕಾಯಿ ಭಜಿ. ನನಗೆ ಚಾ ಇರಲಿಲ್ಲ, ಹಾಲಿಗೆ ಒಂದು ಚಮಚ ಚಾ ಬೆರೆಸಿ ಬಣ್ಣ ಬರಿಸುತ್ತಿದ್ದರು. ನಾನು ಡ್ರೈವ್‌ವೇಯಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಕುಂಟಾಬಿಲ್ಲೆ ಆಡುತ್ತಿದ್ದರೆ ಆಯಿ ಕಿಟಕಿಗೆ ಬಳೆಯಿಂದ ತಟ್ಟುತ್ತಿದ್ದಳು. ನಾನೂ ಓಡಿ ಬಂದು ಕಾಯುತ್ತಿದ್ದೆ. ಎದುರಿಗೆ ಭಜಿ ಹಬೆಯಾಡುತ್ತಿರುತ್ತಿತ್ತು, ಬಾಯಲ್ಲಿ ನೀರು ತುಂಬುತ್ತಿತ್ತು, ಕೈ ಮಾತ್ರ ತೊಡೆಯ ಮೇಲೆ. ಆಯಿ ಒಲೆ ಆರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿ ಎಳೆದು ಉಸ್ಸಪ್ಪಾ ಎಂದು ಕೂರುತ್ತಿದ್ದಳು. ಆ ಉಸಿರು ಕೇಳಿದ ಮೇಲೆಯೇ ಎಲ್ಲರ ಕೈ ಮೇಲೇಳುತ್ತಿತ್ತು.

ಶನಿವಾರ ಭಾನುವಾರ ಅಪ್ಪನೂ ಇರುತ್ತಿದ್ದರು. ಲ್ಯಾಪ್‌ಟಾಪ್ ನೋಡುತ್ತ ಒಮ್ಮೆ ಮರೆತು ಕಪ್ಪಿಗೆ ಕೈ ಹಾಕಿದರು. ಆಯಿ ಒಲೆಯ ಮುಂದಿನಿಂದಲೇ, "ಬಸೂ," ಎಂದಳು, ಅಷ್ಟೇ. ಅಪ್ಪ ಕೈ ಹಿಂದಕ್ಕೆಳೆದುಕೊಂಡು, "ತಪ್ಪಾತವ್ವಾ," ಎಂದು ನಕ್ಕರು. ಈ ಕ್ರಮ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಹೇಳಲೆಂದೇ ಇದನ್ನು ಬರೆದೆ.

ಯಾಕೆ ಹೀಗೆ ಎಂದು ನಾನು ಒಂದು ದಿನ ಆಯಿಯನ್ನು ಕೇಳಿದೆ. ಅವಳು ಮೆಣಸಿನಕಾಯಿ ಸೀಳುತ್ತ ಹೇಳಿದಳು. ಅವಳು ಸೊಸೆಯಾಗಿ ಹೋದ ಮನೆಯಲ್ಲಿ ಹೆಣ್ಣುಮಕ್ಕಳು ಊಟಕ್ಕೆ ಕೂರುತ್ತಿದ್ದದ್ದು ಎಲ್ಲರದೂ ಆದ ಮೇಲೆ, ಉಳಿದದ್ದಕ್ಕೆ. ಹಗಲೂ ಹಾಗೆ, ರಾತ್ರಿಯೂ ಹಾಗೆ. ಅದಕ್ಕಿಂತ ಮುಂಚೆ, ಅವಳ ಅತ್ತೆಯ ಕಾಲದಲ್ಲಿ, ಮನೆಗೆ ಚಾ ಬಂತು. ಹತ್ತಿ ಪೇಟೆಗೆ ಹೋಗುತ್ತಿದ್ದ ಗಂಡಸರು ಅಲ್ಲಿ ರುಚಿ ಹತ್ತಿಸಿಕೊಂಡು ಪುಡಿ ತಂದರು.

"ಊಟಕ್ಕ ಕಾಯ್ದೆ ಇತ್ತವಾ. ಹಬ್ಬಕ್ಕ ಇತ್ತು, ಮಡಿಗೆ ಇತ್ತು. ಈ ಚಾ ಅನ್ನೂದು ಹೊಸಾದು ನೋಡು, ಇದನ್ನ ಯಾರು ಮೊದಲ ಕುಡೀಬೇಕು, ಯಾರು ಆಮ್ಯಾಲೆ ಕುಡೀಬೇಕು ಅಂತ ಯಾರೂ ಇನ್ನಾ ಹೇಳಿದ್ದಿಲ್ಲ. ನಮ್ಮತ್ತಿ ಭಾಳ ಶಾಣ್ಯಾಕಿ. ಗಂಡಸರು ಬಾಯಿ ತಗಿಯೂದ್ರಾಗ ತಾನ ಕಾಯ್ದೆ ಮಾಡಿಬಿಟ್ಲು."

"ಹೇಗೆ?" ಎಂದೆ ಇಂಗ್ಲಿಷಿನಲ್ಲಿ. ನಾವು ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವರು.

"ಸಕ್ರಿ ಇಲ್ಲದ ಚಾ ಎಲ್ಲಾರ ಮುಂದ ಇಡಾಕಿ. ಸಕ್ರಿ ಡಬ್ಬಿ ತನ್ನ ಕಡೆ. ತನ್ನ ಬಟ್ಟಲಕ್ಕ ಹಾಕ್ಕೊಂಡು, ಗ್ವಾಡಿಗೆ ಒರಗಿ ಕುಂತು, ಆಮ್ಯಾಲೆ ಡಬ್ಬಿ ಮುಂದ ಸರಸಾಕಿ. ಕೂಡೂತನಕ ಸಕ್ರಿ ಇಲ್ಲ. ಕಹಿ ಚಾ ಯಾರ ಕುಡೀತಾರ? ಕಾದ್ರು. ಕಾಯ್ದು ಕಾಯ್ದು ರೂಢಿ ಆತು. ನಾ ಬರೂದ್ರಾಗ ಸಕ್ರಿ ಪಾತ್ರಿಗೇ ಹಾಕ್ತಿದ್ವಿ, ಆದ್ರೂ ಕಾಯತಿದ್ರು."

ಹೇಳಿ ಆಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಇಡೀ ದಿನದಲ್ಲಿ ಆ ಮನೆಯ ಹೆಣ್ಣುಮಕ್ಕಳಿಗಿದ್ದ ಕೂರುವ ಹೊತ್ತು ಅದೊಂದೇ. ಅದನ್ನೂ ಯಾರೂ ಕೊಟ್ಟದ್ದಲ್ಲ.

ಹತ್ತಿರದ ಊರು ಲೈಲ್‌ನಲ್ಲಿ ಅಪ್ಪನ ಆಫೀಸಿನ ಹತ್ತಿರವೇ ಶೈಲಾ ಆಂಟಿಯ ಮನೆ. ಮೈಸೂರಿನವರು, ಅಚ್ಚುಕಟ್ಟಾದ ಹೆಂಗಸು, ಮಾತು ಬೆಣ್ಣೆ. ಏಪ್ರಿಲ್‌ನಲ್ಲಿ ಒಮ್ಮೆ ನಮ್ಮ ಮನೆಗೆ ಬಂದು ಆಯಿಯ ಭಜಿ ತಿಂದು ಹೋಗಿದ್ದರು. ಕೆಲವು ದಿನಗಳ ಮೇಲೆ ಫೋನ್ ಮಾಡಿದರು. ಶನಿವಾರ ಅವರ ಮನೆಯಲ್ಲಿ ಹೈ ಟೀ ಪಾರ್ಟಿ. "ಅಮ್ಮಾ, ನೀವು ಬರ್ಲೇಬೇಕು. ನಿಮ್ ಕೈ ಬಜ್ಜಿ ಇಲ್ದೆ ಪಾರ್ಟಿ ಅಂತಾನೇ ಅನ್ಸಲ್ಲ."

ಆಯಿ ಅದನ್ನು ಆಮಂತ್ರಣ ಎಂದುಕೊಂಡಳು. ಇಳಕಲ್ ಸೀರೆ ಉಟ್ಟಳು. ಊರಿನಿಂದ ತಂದಿದ್ದ ಕರದಂಟಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಅವ್ವನಿಗೆ ಆ ಶನಿವಾರ ಪಾಳಿ ಇತ್ತು, ಆದ್ದರಿಂದ ಹೋದವರು ಆಯಿ, ಅಪ್ಪ ಮತ್ತು ನಾನು.

ಮನೆಯೊಳಗೆ ಬಿಳಿ ಲೇಸಿನ ಮೇಜುವಸ್ತ್ರ, ಮೂರು ಅಂತಸ್ತಿನ ತಟ್ಟೆ, ಅಂಚು ಕತ್ತರಿಸಿದ ಸೌತೆಕಾಯಿ ಸ್ಯಾಂಡ್‌ವಿಚ್. ಕೆಲವು ಆಂಟಿಯರು ಹ್ಯಾಟು ಹಾಕಿದ್ದರು. ಶೈಲಾ ಆಂಟಿ ಆಯಿಯ ಕೈಯಿಂದ ಡಬ್ಬಿ ತೆಗೆದುಕೊಂಡು, ಅವಳ ಭುಜ ಹಿಡಿದು ಅಡುಗೆಮನೆ ದಾಟಿಸಿ ಕರೆದೊಯ್ದರು. ನಾನು ಹಿಂದೆಯೇ ಹೋದೆ. ಅವರು ತೆರೆದದ್ದು ಗರಾಜಿನ ಬಾಗಿಲು.

"ಇಲ್ಲೇ ಎಲ್ಲಾ ರೆಡಿ ಇಟ್ಟಿದೀನಿ ಅಮ್ಮ. ಒಳಗೆ ಕರಿದ್ರೆ ಕಾರ್ಪೆಟ್ಟು, ಕೋಟು ಎಲ್ಲಾ ಸ್ಮೆಲ್ ಬಂದ್ಬಿಡತ್ತೆ. ಒಂದ್ ಹತ್ತು ನಿಮಿಷ ಅಷ್ಟೆ."

ಗರಾಜಿನಲ್ಲಿ ಕರಿಯುವುದು ನಮ್ಮವರಲ್ಲಿ ಹೊಸದೇನಲ್ಲ. ಈ ಊರುಗಳಲ್ಲಿ ಬೆಳೆದ ನೀವೂ ಹಬ್ಬದ ದಿನ ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲಿ ಪೂರಿ ಉಬ್ಬುವುದನ್ನು ನೋಡಿರುತ್ತೀರಿ. ಮನೆಯವರೇ ಕರಿಯುತ್ತಾರೆ, ಎಲ್ಲರೂ ಅಲ್ಲೇ ನಿಂತು ಹರಟುತ್ತಾರೆ. ಇಲ್ಲಿ ಹಾಗಿರಲಿಲ್ಲ. ಎಣ್ಣೆ ತುಂಬಿದ ಬಾಣಲೆ, ದೊಡ್ಡ ಪಾತ್ರೆಯಲ್ಲಿ ಕಲಸಿಟ್ಟ ಹಿಟ್ಟು, ಸೀಳಿಟ್ಟ ಮೆಣಸಿನಕಾಯಿಯ ರಾಶಿ, ಒಬ್ಬಳೇ ಒಬ್ಬಳು ಮುದುಕಿ. ಹೊಗೆ ಹೋಗಲೆಂದು ಗರಾಜಿನ ದೊಡ್ಡ ಬಾಗಿಲನ್ನು ಅರ್ಧ ಎತ್ತಿದ್ದರು. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಕೊರೆಯುವ ಗಾಳಿ. ಕುರ್ಚಿ ಇರಲಿಲ್ಲ. ನಾನೇ ಹುಡುಕಿದೆ, ಆದ್ದರಿಂದ ಖಚಿತವಾಗಿ ಹೇಳಬಲ್ಲೆ.

ಆಯಿ ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚಿದಳು. "ಒಳಗ ಹೋಗು ಕೂಸ, ಥಂಡಿ ಅದ," ಎಂದಳು. ನಾನು ಕರಿದದ್ದನ್ನು ಒಳಗೆ ಒಯ್ಯತೊಡಗಿದೆ.

ಒಳಗೆ ಎಲ್ಲರ ಮುಂದೆ ಚಾ ಬಂದಿತ್ತು. ಶೈಲಾ ಆಂಟಿ ಚಮಚದಿಂದ ಕಪ್ಪಿಗೆ ಟಿಣ್ ಎಂದು ತಟ್ಟಿ ಎದ್ದು ನಿಂತರು. "ಮಕ್ಕಳಿಗೆ ಗೊತ್ತಿರ್ಲಿ ಅಂತ ಎರಡು ಮಾತು. ಸಂಜೆ ಟೀ, ತಿಂಡಿ ಅನ್ನೋ ಕಲ್ಚರ್ ನಮಗೆ ಬಂದಿದ್ದೇ ಬ್ರಿಟಿಷರಿಂದ. ಯಾರೋ ರಾಣಿ ಮನೆತನದ ಹೆಂಗಸಿಗೆ ಮಧ್ಯಾಹ್ನ ಹಸಿವಾಗ್ತಿತ್ತಂತೆ. ನಮ್ಮೋರಿಗೆ ಇದಕ್ಕೆಲ್ಲ ಒಂದು ಮ್ಯಾನರ್ಸು, ಒಂದು ಪದ್ಧತಿ ಅಂತ ಏನೂ ಇರ್ಲಿಲ್ಲ ನೋಡಿ, ಅವರು ಕಲಿಸಿ ಹೋದ್ರು."

ಅಪ್ಪ ಸೋಫಾದಲ್ಲಿ ಕೂತು ತಲೆಯಾಡಿಸಿದರು.

ನಾನು ಭಜಿಯ ತಟ್ಟೆ ಹಿಡಿದುಕೊಂಡೇ ಮಾತಾಡಿದೆ. ನಮ್ಮ ಮನೆಯಲ್ಲಿ ಪದ್ಧತಿ ಇದೆ ಎಂದೆ. ಮಾಡಿದವರು ಕೂರುವ ತನಕ ಯಾರೂ ಕುಡಿಯುವುದಿಲ್ಲ ಎಂದೆ. ಸಕ್ಕರೆ ಡಬ್ಬಿಯ ಕತೆಯನ್ನೂ ಹೇಳತೊಡಗಿದೆ. ಕೊನೆಗೆ, ನಮ್ಮ ಆಯಿ ಇನ್ನೂ ಕೂತಿಲ್ಲ ಎಂದೆ.

ಯಾರೋ "ಸೋ ಕ್ಯೂಟ್!" ಎಂದರು. ಶೈಲಾ ಆಂಟಿಯ ಗಂಡ ಪ್ರಕಾಶ್ ಅಂಕಲ್, "ಅಯ್ಯಪ್ಪಾ, ಶೈಲಾ ಕೂರೋವರ್ಗೂ ಕಾದ್ರೆ ನಾನು ದಿನಾ ಐಸ್ ಟೀನೇ ಕುಡೀಬೇಕಾಗತ್ತೆ!" ಎಂದರು. ಎಲ್ಲರೂ ನಕ್ಕರು. "ಏನ್ ಬಸವರಾಜ್, ಕುಡೀಬಹುದಾ, ಇಲ್ಲಾ ಮಗಳ ಪರ್ಮಿಶನ್ ಬೇಕಾ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಏ, ಅದೆಲ್ಲ ಹಳ್ಳಿ ಕಡೆ ಮಾತು ಬಿಡಿ ಸರ್," ಎಂದರು. ಮನೆಯಲ್ಲಿ ಎಂದೂ ಆಡದ ಬೆಂಗಳೂರು ಕನ್ನಡದಲ್ಲಿ ಎಂದರು. ನಗುತ್ತಲೇ ಕಪ್ಪು ಎತ್ತಿ ಕುಡಿದರು.

ಅದೇ ಹೊತ್ತಿಗೆ ಗರಾಜಿನ ಬಾಗಿಲು ತೆರೆದು ಆಯಿ ನಿಂತಿದ್ದಳು. ಕೈಯಲ್ಲಿ ತಟ್ಟೆ. ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಮಗನ ಬಾಯಿಗೆ ತಾಗಿದ ಕಪ್ಪನ್ನು ಅವಳು ನೋಡಿದ್ದನ್ನು ನಾನು ನೋಡಿದೆ. ಅಪ್ಪನೂ ಅವಳನ್ನು ನೋಡಿದರು. ಕಪ್ಪು ಕೆಳಗಿಡಬಹುದಿತ್ತು. ಇಡಲಿಲ್ಲ.

"ಬಿಸಿ ಅದಾವು, ತಗೋರಿ," ಎಂದು ಆಯಿ ತಟ್ಟೆಯನ್ನು ನನ್ನ ಕೈಗಿತ್ತು ಗರಾಜಿಗೆ ಹಿಂತಿರುಗಿದಳು. ಅಲ್ಲಿ ಇನ್ನೂ ಅರ್ಧ ಹಿಟ್ಟು ಇತ್ತು. ಎಲ್ಲವನ್ನೂ ಕರಿದು ಮುಗಿಸಿದಳು. ಶೈಲಾ ಆಂಟಿ ಅವಳಿಗೆ ಚಾ ತಂದುಕೊಟ್ಟಾಗ ಬೇರೆಯವರು ಕೋಟು ಹಾಕಿಕೊಳ್ಳುತ್ತಿದ್ದರು. ಕಾಗದದ ಲೋಟದ ಚಾ. ಆಯಿ ಅದನ್ನು ಎರಡು ಕೈಯಲ್ಲಿ ಹಿಡಿದು ಕೈ ಕಾಸಿಕೊಂಡಳು, ಕುಡಿಯಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ ಕಿಟಕಿ ಇಳಿಸಿದರು. "ಅವ್ವಾ, ಸೀರಿ ಎಲ್ಲಾ ಎಣ್ಣಿ ವಾಸನಿ ಹೊಡ್ಯಾಕತ್ತದ," ಎಂದರು. ಈ ಒಂದು ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಅದರೊಳಗೆ ಕ್ಷಮಿಸುವಂಥದ್ದು ಏನೂ ಸಿಗುವುದಿಲ್ಲ.

ಮರುದಿನ ಭಾನುವಾರ. ನಾಲ್ಕು ಗಂಟೆಗೆ ಆಯಿ ಎಂದಿನಂತೆ ಚಾ ಮಾಡಿದಳು. ಅವ್ವನ ಮುಂದೆ, ಅಪ್ಪನ ಮುಂದೆ, ನನ್ನ ಮುಂದೆ ಇಟ್ಟಳು. ತನ್ನ ಕಪ್ಪು ತೆಗೆದುಕೊಂಡು ಸಿಂಕಿಗೆ ಒರಗಿ ನಿಂತಳು.

ಅಪ್ಪ ಕಪ್ಪು ಮುಟ್ಟಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ್ದರು. ಸ್ವಲ್ಪ ಹೊತ್ತು ಕಾದು, ಮೆತ್ತಗೆ, "ಅವ್ವಾ, ಕೂಡ ಬಾ," ಎಂದರು.

"ಕುಡೀರಿ," ಎಂದಳು ಆಯಿ.

"ನೀ ಕೂಡೂತನಕ ನಾ ಕುಡಿಯಂಗಿಲ್ಲವ್ವಾ. ಕೂಡು."

"ನಮ್ಮ ಮನ್ಯಾಗ ಯಾರೂ ನನಗ ಕೂಡು ಅಂದಿದ್ದಿಲ್ಲೋ ಬಸೂ. ಕಾಯತಿದ್ರು, ನಾ ಕೂಡತಿದ್ದೆ. ನೀ ಕೂಡು ಅಂದ ಮ್ಯಾಲೆ ಅದು ನೀ ಕೊಟ್ಟಂಗಾತು. ಕೊಟ್ಟಿದ್ದು ನನಗ ಬ್ಯಾಡ."

ದನಿ ಏರಿಸಲಿಲ್ಲ. ನಿಂತೇ ಚಾ ಕುಡಿದು ಮುಗಿಸಿದಳು. ಏನಾಯಿತು ಎಂದು ಅವ್ವ ನನ್ನನ್ನು ಕೇಳಿದಳು. ನಾನು ಎಲ್ಲ ಹೇಳಿದೆ, ಅಪ್ಪನ ಎದುರಿಗೇ. ಅವ್ವ ತನ್ನ ಕಪ್ಪು ಎತ್ತಿಕೊಂಡು ಹೋಗಿ ಆಯಿಯ ಪಕ್ಕದಲ್ಲಿ ನಿಂತಳು. ಮೇಜಿನ ಮುಂದೆ ಉಳಿದವರು ಅಪ್ಪ ಮತ್ತು ನಾನು. ಅವರ ಚಾದ ಮೇಲೆ ಕೆನೆ ಕಟ್ಟಿತು.

ಆಯಿ ಇದ್ದಷ್ಟು ದಿನ ಚಾ ತಪ್ಪಲಿಲ್ಲ, ಚುರುಮುರಿ ತಪ್ಪಲಿಲ್ಲ. ಅವಳು ಮತ್ತೆ ಕೂರಲಿಲ್ಲ. ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಾಯಿಸಿಕೊಂಡು ಜುಲೈ ಮುಗಿಯುವ ಮೊದಲೇ ಹೋದಳು. ಅಪ್ಪ ಎಷ್ಟು ಕರೆದರೂ ತಿರುಗಿ ಬರಲಿಲ್ಲ. ಅವಳು ತೀರಿಹೋಗಿ ಈಗ ಬಹಳ ವರ್ಷ.

ನಾನೀಗ ಅಪ್ಪ ಅವ್ವನ ಊರಿನಿಂದ ಹೆಚ್ಚು ದೂರವಲ್ಲದ ಸ್ಕೋಕಿಯಲ್ಲಿದ್ದೇನೆ. ನಮ್ಮವರ ಹೈ ಟೀ ಪಾರ್ಟಿಗಳ ಕರೆ ಈಗಲೂ ಬರುತ್ತದೆ, ಅದೇ ಮೂರು ಅಂತಸ್ತಿನ ತಟ್ಟೆಯ ಚಿತ್ರ, ಅದೇ ರಾಣಿ ಮನೆತನದ ಕತೆ. ಓದಿದ ಕೂಡಲೇ ಕೆನ್ನೆ ಬಿಸಿಯಾಗುತ್ತದೆ. ಚಹಾದ ಎಲೆಯನ್ನು ಯಾರು ಬೇಕಾದರೂ ತಂದಿರಲಿ. ಬೈಲಹೊಂಗಲದ ಒಂದು ಮನೆಯಲ್ಲಿ ಒಬ್ಬ ಹೆಂಗಸು ಸಕ್ಕರೆ ಡಬ್ಬಿ ಹಿಡಿದು ಕೂತು ಗಳಿಸಿದ್ದನ್ನು ನಾವು ಲೈಲ್‌ನ ಒಂದು ಸಂಜೆ ನಗುತ್ತ ಕಳೆದುಕೊಂಡೆವು. ಕಳೆದವರು ಇಂಗ್ಲಿಷರಲ್ಲ, ಅಮೆರಿಕವೂ ಅಲ್ಲ. ಸೋಫಾದ ಮೇಲೆ ಕೂತ ನಮ್ಮವರೇ. ನನ್ನ ಮನೆಯಲ್ಲಿ ಈಗ ಒಬ್ಬೊಬ್ಬರದು ಒಂದೊಂದು ಕೋಣೆಯಲ್ಲಿ ಒಂದೊಂದು ಮಗ್. ಕಾಯುವುದು ಎಂದರೆ ಏನೆಂದು ನನ್ನ ಮಗನಿಗೆ ತಿಳಿಸಲು ಹೋದರೆ, ಅದು ಕತೆಯಾಗುತ್ತದೆ, ಅಭ್ಯಾಸವಾಗುವುದಿಲ್ಲ.

ಅಪ್ಪ ಒಬ್ಬರು ಮಾತ್ರ ಕಾಯುತ್ತಾರೆ. ಭಾನುವಾರ ಅವ್ವನ ಜೊತೆ ಬರುತ್ತಾರೆ. ನಾನು ಚಾ ಮುಂದಿಟ್ಟರೆ ಕೈ ಕಟ್ಟಿ ಕೂರುತ್ತಾರೆ. ಕೂಡು ಎಂದು ಹೇಳುವುದಿಲ್ಲ, ಅಷ್ಟು ಕಲಿತಿದ್ದಾರೆ. ನಾನು ಒಲೆ ಒರೆಸುತ್ತ ಬೇಕೆಂದೇ ತಡ ಮಾಡುತ್ತೇನೆ. ಕೊನೆಗೆ ಕೂರುತ್ತೇನೆ, ಅವರು ಕುಡಿಯುತ್ತಾರೆ. ಒಳ್ಳೆಯ ಅಪ್ಪ ಎಂದು ನನ್ನ ಗಂಡ ಹೇಳುತ್ತಾನೆ. ಇರಬಹುದು. ಆಯಿಯ ಮನೆಯಲ್ಲಿ ಅದು ರೂಢಿ, ಕಾಯಲು ಯಾರೂ ಒಳ್ಳೆಯವರಾಗಬೇಕಿರಲಿಲ್ಲ.