ಸಾದಾ ಪೆಟ್ರೋಲೇ ಸಾಕು ಅಂದ ಚೇಚ್ಚಿ

ಕಳೆದ ವಾರ ತಿರುವನಂತಪುರದ ಕಳಕ್ಕೂಟಂನ ಬಂಕಿನಲ್ಲಿ ಪೈಪು ಎತ್ತುವಾಗ ನಾಲ್ಕು ಹನಿ ಪೆಟ್ರೋಲು ನನ್ನ ಅಂಗಿಯ ತೋಳಿಗೆ ಸಿಡಿಯಿತು. ನಮ್ಮ ಪಿಕಪ್ಪಿನ ಹಿಂಬದಿಯಲ್ಲಿ ದೋಸೆಹಿಟ್ಟಿನ ಡಬ್ಬಗಳಿದ್ದವು. ಸೆಕೆಗೆ ಒಂದರ ಮುಚ್ಚಳ ಉಬ್ಬಿ ಹುಳಿ ವಾಸನೆ ಬರುತ್ತಿತ್ತು. ಹುಳಿ ಹಿಟ್ಟು, ಪೆಟ್ರೋಲು... ಈ ಎರಡೂ ಒಟ್ಟಿಗೆ ಮೂಗಿಗೆ ತಾಗಿದರೆ ನನಗೆ ಕೊಚ್ಚಿಯ ಕಲೂರಿನ ಬಂಕಿನಲ್ಲಿದ್ದ ಚೇಚ್ಚಿ ನೆನಪಾಗುತ್ತಾರೆ. ಚೇಚ್ಚಿ ಎಂದರೆ ಅಕ್ಕ. ಇಲ್ಲಿ ಪರಿಚಯವಿಲ್ಲದ ಹೆಂಗಸರನ್ನೂ ಹಾಗೆಯೇ ಕರೆಯುವುದು. ಇಂಥ ನೆನಪು ಬಂದಾಗ ಕಣ್ಣು ತೇವವಾಯಿತು ಎಂದು ಬರೆಯುವುದು ಸುಲಭ. ನನಗೆ ಹಾಗೆ ಆಗುವುದಿಲ್ಲ. ಹಲ್ಲು ಕಚ್ಚಿಕೊಳ್ಳುತ್ತೇನೆ.

ಆಗ ನಾನು ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿದ್ದೆ. ಮೈಸೂರಿನಿಂದ ವರ್ಗವಾಗಿ ಬಂದವನು. ಹೆಂಡತಿ ಮೊದಲು ನಾಲ್ಕಾರು ಕನ್ನಡದ ಮನೆಗಳಿಗೆ ದೋಸೆಹಿಟ್ಟು ರುಬ್ಬಿ ಕೊಡುತ್ತಿದ್ದಳು. ಆಮೇಲೆ ಹಾಸ್ಟೆಲುಗಳು, ಸಣ್ಣ ಹೋಟೆಲುಗಳು ಕೇಳತೊಡಗಿದವು. ಒಂದು ಹಳೆಯ ಸಣ್ಣ ಪಿಕಪ್ ಕೊಂಡೆವು. ಡೀಸೆಲ್ಲಿನದಲ್ಲ, ಪೆಟ್ರೋಲಿನದು. ಬೆಳಿಗ್ಗೆ ಆರರಿಂದ ಎಂಟರವರೆಗೆ ನಾನು ಅದರ ಚಾಲಕ, ಹತ್ತಕ್ಕೆ ಕಚೇರಿಯ ಕುರ್ಚಿಯಲ್ಲಿ ಅಧಿಕಾರಿ.

ಎಡಪ್ಪಳ್ಳಿಯ ಮೇಲ್ಸೇತುವೆ ಹತ್ತುವಾಗ ಇಂಜಿನ್ ಟಕಟಕ ಎಂದು ಬಡಿದುಕೊಳ್ಳುತ್ತಿತ್ತು. ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಕಚೇರಿಯಲ್ಲಿ ಹೇಳಿದರೆ ಪಕ್ಕದ ಮೇಜಿನವರು, "ಭಾರ ಹೊರೋ ಗಾಡಿ ಅಲ್ವಾ, ಅದಕ್ಕೆ ಗಟ್ಟಿ ಪೆಟ್ರೋಲ್ ಹಾಕಿ" ಅಂದರು. ಗಟ್ಟಿ ಪೆಟ್ರೋಲು! ಹಾಲಿನ ಬಗ್ಗೆ ಮಾತಾಡುವ ಹಾಗೆ. ಅವರು ಹೇಳಿದ್ದು ಪ್ರೀಮಿಯಂ, ಆಕ್ಟೇನ್ ಅಂಕಿ ಹೆಚ್ಚಿರುವ ದುಬಾರಿ ಪೆಟ್ರೋಲು. ನಾನೂ ನಂಬಿದೆ. ಅಂಕಿ ಹೆಚ್ಚಾದರೆ ಶಕ್ತಿ ಹೆಚ್ಚು ಎಂದು ನಂಬುವುದು ಓದಿದವರಿಗೆ ಇನ್ನೂ ಸುಲಭ, ಶಾಲೆಯಿಂದ ನಮಗೆ ಅದನ್ನೇ ಕಲಿಸಿದ್ದಾರೆ. ಬಂಕುಗಳೂ ಅದನ್ನೇ ಹೇಳುತ್ತಿದ್ದವು. ನೀವು ಬಾಯಿ ತೆರೆಯುವ ಮೊದಲೇ "ಪ್ರೀಮಿಯಂ ತಾನೇ ಸಾರೇ?" ಎಂಬ ಪ್ರಶ್ನೆ. ಅಲ್ಲ ಎಂದರೆ ನಿಮ್ಮನ್ನೂ ನಿಮ್ಮ ಗಾಡಿಯನ್ನೂ ಅಡಿಯಿಂದ ಮುಡಿಯವರೆಗೆ ನೋಡುವ ಆ ನೋಟ. ಇಷ್ಟು ವರ್ಷಗಳಾದರೂ ಆ ಪ್ರಶ್ನೆ ನಿಂತಿಲ್ಲ.

ಚೇಚ್ಚಿಯನ್ನು ಮೊದಲು ಕಂಡದ್ದು ಮಳೆಯ ಬೆಳಿಗ್ಗೆ ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೆ. ಹೆಂಡತಿ ತಿದ್ದಿದಳು: "ಯಾವ ಮಳೆ ರೀ? ಅವತ್ತು ಬಿಸಿಲು. ಟಾರ್ಪಾಲು ಮನೇಲೇ ಬಿಟ್ಟಿದ್ವಲ್ಲ." ಸರಿ, ಮಳೆ ಇರಲಿಲ್ಲ. ಚೂಡಿದಾರದ ಮೇಲೆ ಬಂಕಿನ ಸಮವಸ್ತ್ರದ ಶರ್ಟು, ತಲೆಗೆ ಟೋಪಿ. ಇಷ್ಟು ಖಂಡಿತ. ಅವರು ಆಡಿದ್ದು ಮಲಯಾಳದಲ್ಲಿ, ನಾನು ಬರೆಯುತ್ತಿರುವುದು ನನ್ನ ಕನ್ನಡದಲ್ಲಿ. ಅವರ ಮಾತಿನ ಖಾರ ಅರ್ಧ ಸೋರಿಹೋಗಿರಬಹುದು.

ನಾನು ಪ್ರೀಮಿಯಂ ಅಂದೆ. ಅವರು ಪೈಪು ಕೈಯಲ್ಲಿ ಹಿಡಿದು, "ಎಂದಿನಾ ಸಾರೇ?" ಅಂದರು. ಯಾಕೆ ಅಂತ. ಬಂಕಿನಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

"ಸೇತುವೆ ಹತ್ತುವಾಗ ಬಡ್ಕೊಳ್ಳುತ್ತೆ."

"ಯಾವ ಗೇರಲ್ಲಿ ಹತ್ತಿಸ್ತೀರಿ?"

"ಥರ್ಡ್."

"ಅಷ್ಟು ಹಿಟ್ಟು ಹೇರ್ಕೊಂಡು ಥರ್ಡಲ್ಲಿ ಹತ್ತಿಸಿದ್ರೆ ಅದು ಬಡ್ಕೊಳ್ಳದೆ ಹಾಡು ಹೇಳುತ್ತಾ? ಸೆಕೆಂಡಿಗೆ ಹಾಕಿ. ಗಾಡಿ ಪುಸ್ತಕ ಇದೆಯಾ?"

ಇತ್ತು. ಹಿಂದಿನ ಮಾಲೀಕ ಬಿಟ್ಟುಹೋದದ್ದು, ಪ್ಲಾಸ್ಟಿಕ್ ಕವರು ಹರಿಯದೆ ಹಾಗೇ ಇತ್ತು. ಚೇಚ್ಚಿ ಅದನ್ನು ಹರಿದು, ಪುಟ ಮಗುಚಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಆಕ್ಟೇನ್ ತೊಂಬತ್ತೊಂದು ಅಥವಾ ಹೆಚ್ಚು.

"ನಮ್ಮ ಸಾದಾದ್ದು ತೊಂಬತ್ತೊಂದೇ. ಸಾದಾ ಮದಿ, ಅದೇ ಸಾಕು. ತೊಂಬತ್ತೈದು ಹಾಕಿದ್ರೆ ಗಾಡಿಗೆ ಗೊತ್ತೇ ಆಗಲ್ಲ, ಸಾರ್ ಜೇಬಿಗೆ ಮಾತ್ರ ಗೊತ್ತಾಗುತ್ತೆ."

ಆ ಅಂಕಿ ಶಕ್ತಿಯದಲ್ಲ, ತಾಳ್ಮೆಯದು ಎಂದೂ ಹೇಳಿದರು. ಇಂಜಿನ್ ಒಳಗೆ ಒತ್ತಿದಾಗ ಪೆಟ್ರೋಲು ಅವಸರಪಟ್ಟು ತಾನಾಗಿ ಹತ್ತಿಕೊಳ್ಳಬಾರದು, ಕಿಡಿ ಬರುವ ತನಕ ಕಾಯಬೇಕು. ಹೆಚ್ಚು ಒತ್ತುವ ಇಂಜಿನ್ನಿಗೆ ಹೆಚ್ಚು ಕಾಯುವ ಪೆಟ್ರೋಲು ಬೇಕು. ನಿಮ್ಮದು ಪಾಪ, ಅಷ್ಟು ಒತ್ತುವುದೇ ಇಲ್ಲ. ತಾಳ್ಮೆ ಎನ್ನುವ ಮಾತು ಅವರದೋ, ಆಮೇಲೆ ನಾನು ಸೇರಿಸಿದ್ದೋ... ಇದೆಲ್ಲ ಒಂದೇ ದಿನ ಆದದ್ದೂ ಇರಲಾರದು. ಟ್ಯಾಂಕು ತುಂಬುವ ಎರಡು ನಿಮಿಷದಲ್ಲಿ ಇಷ್ಟು ಮಾತು ಹಿಡಿಯುವುದಿಲ್ಲ. ಹತ್ತಾರು ಬೆಳಿಗ್ಗೆಗಳನ್ನು ನಾನು ಒಂದಾಗಿ ಹೊಲಿದಿರಬೇಕು.

ಮಾರನೆಯ ದಿನ ಸೆಕೆಂಡ್ ಗೇರಿನಲ್ಲಿ ಸೇತುವೆ ಹತ್ತಿದೆ. ಗಾಡಿ ಬಡಿದುಕೊಳ್ಳಲಿಲ್ಲ. ಇದನ್ನು ಮಾತ್ರ ಯಾರೂ ತಿದ್ದಲಾರರು.

ಚೇಚ್ಚಿಗೆ ಪ್ರೀಮಿಯಂ ಮೇಲೆ ಹಗೆಯೇನೂ ಇರಲಿಲ್ಲ. ಒಮ್ಮೆ ಉದ್ದನೆಯ ಕಾರಿನವನೊಬ್ಬ ಸಾದಾ ಹಾಕಿ ಎಂದಾಗ ಟ್ಯಾಂಕಿನ ಮುಚ್ಚಳದ ಒಳಗಿದ್ದ ಚೀಟಿ ತೋರಿಸಿ, "ಇದಕ್ಕೆ ತೊಂಬತ್ತೈದೇ ಬೇಕು. ಇಷ್ಟು ದೊಡ್ಡ ಗಾಡಿ ತಗೊಂಡು ಇದನ್ನ ಉಪವಾಸ ಕೆಡವಬೇಡಿ ಮೋನೇ, ಮಗನೇ" ಎಂದು ಗದರಿಸಿದ್ದರು. ಗಾಡಿಗೆ ಏನು ಬೇಕೋ ಅದು. ಅವರ ಹಟ ಅಷ್ಟೇ. ಪಕ್ಕದ ಪೈಪಿನ ಹುಡುಗಿ ಕೀಟಲೆ ಮಾಡುತ್ತಿದ್ದಳು: "ನಮ್ಮ ಚೇಚ್ಚಿ ಇಂಜಿನಿಯರ್ ಸಾರೇ." ಅದಕ್ಕೆ ಚೇಚ್ಚಿ, "ಇಂಜಿನಿಯರ್ ಆಗಿದ್ರೆ ಈ ಟೋಪಿ ಹಾಕ್ಕೊಂಡು ನಿನ್ನ ಮುಖ ನೋಡ್ತಾ ನಿಲ್ತಿದ್ನೇನೇ?"

ಆದರೆ ಬಂಕಿನ ಕಚೇರಿಯ ಗೋಡೆಯಲ್ಲಿ ಒಂದು ಬಿಳಿ ಹಲಗೆ ಇತ್ತು. ಯಾರು ಎಷ್ಟು ಲೀಟರ್ ಪ್ರೀಮಿಯಂ ಮಾರಿದರು ಎಂದು ಅದರಲ್ಲಿ ಬರೆಯುತ್ತಿದ್ದರು. ಚೇಚ್ಚಿಯ ಹೆಸರು ಯಾವಾಗಲೂ ಕೊನೆಯಲ್ಲಿ, ಕೆಂಪು ಶಾಯಿಯಲ್ಲಿ. ಮ್ಯಾನೇಜರು ಒಳ್ಳೆಯವನೇ. ನೋಡಿಯೂ ನೋಡದ ಹಾಗೆ ಇದ್ದು ಅವರನ್ನು ಉಳಿಸಿಕೊಂಡು ಬಂದಿದ್ದ. ಚೇಚ್ಚಿಯದು ಅಲ್ಲಿ ಹನ್ನೆರಡು ವರ್ಷದ ಕೆಲಸ, ನಡೆದು ಹೋಗುವಷ್ಟು ಹತ್ತಿರ ಮನೆ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಮಧ್ಯಾಹ್ನ ಓಡಿಹೋಗಿ ತಾಯಿಗೆ ಊಟ ಮಾಡಿಸಿ ಬರುತ್ತಿದ್ದರು. ಬೇರೆ ಯಾವ ಕೆಲಸದಲ್ಲೂ ಅದು ಸಾಧ್ಯವಿರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಲಾರೆ.

ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಚೇಚ್ಚಿಗೆ ಏನಾದರೂ ಮಾಡಬೇಕು ಅನಿಸಿತು. ಹೆಂಡತಿ, "ಒಂದು ಡಬ್ಬ ಹಿಟ್ಟು ಕೊಟ್ಟು ಬನ್ನಿ, ಅಷ್ಟು ಸಾಕು" ಅಂದಳು. ಅದು ನನಗೆ ಸಣ್ಣದಾಗಿ ಕಂಡಿತು. ಫೈಲಿಗೆ ಹೋಗದ ಒಳ್ಳೆಯ ಕೆಲಸ ನಡೆದೇ ಇಲ್ಲ ಎಂದು ನಂಬುವ ಜನ ನಾವು. ಕಿರಿಯರನ್ನು ಮೆಚ್ಚಿದರೆ ಬೆನ್ನು ತಟ್ಟುವುದಿಲ್ಲ, ಟಿಪ್ಪಣಿ ಬರೆಯುತ್ತೇವೆ. ಬಂಕಿಗೆ ಹೋಗಿ ದೂರು ಪುಸ್ತಕ ಕೇಳಿದೆ. ಮ್ಯಾನೇಜರಿನ ಮುಖ ಬಿಳಿಚಿಕೊಂಡಿತು. ದೂರಲ್ಲ, ಮೆಚ್ಚುಗೆ ಎಂದು ನಕ್ಕೆ. ಒಂದು ಪುಟ ತುಂಬಾ ಇಂಗ್ಲಿಷಿನಲ್ಲಿ ಬರೆದೆ. ತಾರೀಕು, ಗಾಡಿಯ ನಂಬರು, ಎದೆಯ ಬಿಲ್ಲೆಯಲ್ಲಿದ್ದ ಅವರ ಪೂರ್ತಿ ಹೆಸರು. ನನ್ನ ವಾಹನಕ್ಕೆ ದುಬಾರಿ ಪೆಟ್ರೋಲು ಬೇಡವೆಂದು ಈ ಉದ್ಯೋಗಿ ಪ್ರಾಮಾಣಿಕವಾಗಿ ತಿಳಿಸಿದರು, ನನ್ನಂಥ ಅನೇಕರಿಗೂ ತಿಳಿಸುತ್ತಿದ್ದಾರೆ, ಇವರನ್ನು ಗೌರವಿಸಬೇಕು. ಕೆಳಗೆ ಸಹಿ, ಸಹಿಯ ಕೆಳಗೆ ಹುದ್ದೆ.

ಅನೇಕರಿಗೂ! ಆ ಪದವನ್ನು ಯಾರು ಕೇಳಿದ್ದರು? ವಾಕ್ಯ ಚೆನ್ನಾಗಿ ಕೂರಲಿ ಎಂದು ಸೇರಿಸಿದೆ.

ಎರಡು ತಿಂಗಳ ಮೇಲೆ ಬಿಟ್ಟುಹೋದ ಗ್ರೈಂಡರ್ ತರಲು ಕೊಚ್ಚಿಗೆ ಬಂದಾಗ ಅದೇ ಬಂಕಿಗೆ ಹೋದೆ. ಚೇಚ್ಚಿ ಇರಲಿಲ್ಲ. ಕೀಟಲೆಯ ಹುಡುಗಿ ನನ್ನ ಮುಖ ನೋಡದೆ ಪೆಟ್ರೋಲು ಹಾಕುತ್ತಾ ಹೇಳಿದಳು. ಕಂಪನಿಯ ಅಧಿಕಾರಿ ತಪಾಸಣೆಗೆ ಬಂದಿದ್ದನಂತೆ. ಪುಸ್ತಕ ತೆರೆದನಂತೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನನ್ನ ಪುಟವನ್ನು ಗಟ್ಟಿಯಾಗಿ ಓದಿಸಿದನಂತೆ. "ಓದಿದ್ದು ನಾನೇ ಸಾರ್," ಅಂದಳು. "ನನ್ನ ಇಂಗ್ಲಿಷ್ ಚೆನ್ನಾಗಿದೆ ಅಂತ."

ಒಳಗೆ ಹೋಗಿ ಮ್ಯಾನೇಜರಿನ ಮೇಲೆ ಹರಿಹಾಯ್ದೆ. ಸತ್ಯ ಹೇಳಿದ್ದಕ್ಕೆ ಕೆಲಸದಿಂದ ತೆಗೆಯುವುದು ಯಾವ ನ್ಯಾಯ ಎಂದೆ.

"ಸಾರ್ ದೂರು ಬರೆದಿದ್ರೆ ಅವರನ್ನ ಉಳಿಸ್ತಿದ್ದೆ," ಅಂದ ಅವನು. "ದೂರಿಗೆ ವಿವರಣೆ ಕೊಡಬಹುದು. ಇದಕ್ಕೆ ನಾನು ಏನಂತ ವಿವರಣೆ ಕೊಡ್ಲಿ?"

ಆ ಕಂಪನಿಯ ಅಧಿಕಾರಿ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಗಾಡಿಯ ಪುಸ್ತಕದಲ್ಲಿ ಅಚ್ಚಾದದ್ದನ್ನು ಗಾಡಿಯ ಮಾಲೀಕನಿಗೆ ಓದಿ ಹೇಳುವುದು ಯಾವ ದೇಶದಲ್ಲಿ ಅಪರಾಧ? ಆದರೆ ಅವನೂ ಇನ್ನೊಂದು ಗೋಡೆಯ ಇನ್ನೊಂದು ಹಲಗೆಯಲ್ಲಿ ಕೆಂಪು ಹೆಸರಾಗುವ ಭಯದವನು ಎಂದು ಹೆಂಡತಿ ಹೇಳಿದಾಗ ಅವಳ ಮೇಲೂ ರೇಗಿದೆ. ಎಲ್ಲರ ಭಯವನ್ನೂ ಅರ್ಥ ಮಾಡಿಕೊಳ್ಳುತ್ತಾ ಹೋದರೆ ಕೊನೆಗೆ ತಪ್ಪು ಮಾಡಿದವರೇ ಉಳಿಯುವುದಿಲ್ಲ. ನನಗೆ ಅದು ಬೇಡ.

ಚೇಚ್ಚಿಯನ್ನು ಆಮೇಲೆ ಒಮ್ಮೆ ಮಾತ್ರ ನೋಡಿದೆ. ಎಡಪ್ಪಳ್ಳಿಯ ಒಂದು ಬಟ್ಟೆಯಂಗಡಿಯ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಚೀಟಿ ಹರಿದು ಕೊಡುತ್ತಿದ್ದರು. ಹೊಗೆ, ಸೆಕೆ, ತಲೆ ತಾಗುವಂಥ ಸೂರು. ಗಾಡಿಯ ತೊಂದರೆ ಕೇಳಿ ಮದ್ದು ಹೇಳಬಲ್ಲವರಿಗೆ ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನನ್ನು ಕಂಡು ಅವರು ಮೊದಲು ನೋಡಿದ್ದು ನನ್ನ ಜೇಬನ್ನು.

"ಸಾರ್ ಪೆನ್ನು ತಂದಿಲ್ಲ ತಾನೇ?"

ನಗುತ್ತಲೇ ಅಂದರು. ನಾನು ನಗಲಿಲ್ಲ. ತಾಯಿ ಹೇಗಿದ್ದಾರೆ ಎಂದು ಕೇಳಿದೆ. "ಮಧ್ಯಾಹ್ನ ಅಣ್ಣನ ಮನೆಯವರು ಊಟ ಕೊಡ್ತಾರೆ. ಕೊಟ್ಟ ದಿನ ಕೊಡ್ತಾರೆ." ಕಂಪನಿಯ ದೊಡ್ಡವರಿಗೆ ಬರೆಯುತ್ತೇನೆ, ನಿಮ್ಮನ್ನು ವಾಪಸು ತೆಗೆದುಕೊಳ್ಳಬೇಕು ಎಂದು ಒತ್ತಾಯಿಸುತ್ತೇನೆ ಅಂದೆ. ಅವರ ನಗು ಹೋಯಿತು. "ವೇಂಡ ಸಾರೇ. ಬೇಡ. ನನ್ನ ಹೆಸರು ಇನ್ನೆಲ್ಲೂ ಬರೀಬೇಡಿ." ಹಿಂದಿನ ಕಾರು ಹಾರ್ನ್ ಹೊಡೆಯಿತು. ಚೀಟಿ ನನ್ನ ಕೈಗಿಟ್ಟು ಆ ಕಾರಿನ ಕಡೆ ಹೋದರು.

ಬರೆಯಲಿಲ್ಲ. ಬರೆಯದೆ ಇದ್ದದ್ದು ಅವರ ಮಾತಿಗೆ ಕೊಟ್ಟ ಬೆಲೆಯೋ, ನನ್ನ ಸೋಮಾರಿತನವೋ... ಹೇಳಲಾರೆ.

ಕಳಕ್ಕೂಟಂನ ಪೆಟ್ರೋಲು ತೋಳಿಗೆ ಸಿಡಿದ ಎರಡು ದಿನಕ್ಕೆ ರೈಲು ಹತ್ತಿ ಕೊಚ್ಚಿಗೆ ಹೋದೆ. ಆ ಬಟ್ಟೆಯಂಗಡಿಯ ನೆಲಮಾಳಿಗೆಯ ಬಾಯಲ್ಲಿ ಈಗ ಒಂದು ಯಂತ್ರ ನಿಂತಿದೆ. ಗುಂಡಿ ಒತ್ತಿದರೆ ಚೀಟಿ. ಕಾವಲಿನ ಮುದುಕರೊಬ್ಬರನ್ನು ಕೇಳಿದೆ: ಇಲ್ಲೊಬ್ಬರು ಚೇಚ್ಚಿ ಇದ್ದರಲ್ಲ?

"ಆರು ಚೇಚ್ಚಿಯರಿದ್ರು ಸಾರೇ. ಎಲ್ಲರಿಗೂ ಒಂದೇ ದಿನ ಕೆಲಸ ಮುಗೀತು. ಯಾರನ್ನ ಕೇಳ್ತಿದ್ದೀರಿ?"

ಮುಖ ಹೇಗಿತ್ತು ಎಂದು ಹೇಳಲು ಹೋದೆ. ಟೋಪಿ ನೆನಪಿತ್ತು, ಪುಟದ ಮೇಲಿಟ್ಟ ಬೆರಳು ನೆನಪಿತ್ತು. ಮುಖ ಬರಲಿಲ್ಲ, ಬಿಲ್ಲೆ ನೋಡಿ ಬರೆದಿದ್ದ ಹೆಸರೂ ಬರಲಿಲ್ಲ.

"ಪೆಟ್ರೋಲಿನ ವಿಷಯ ಚೆನ್ನಾಗಿ ಗೊತ್ತಿದ್ದವರು," ಅಂದೆ.

ಮುದುಕರು ನಕ್ಕುಬಿಟ್ಟರು. "ಗಾಡಿ ನಿಲ್ಲಿಸೋ ಜಾಗದಲ್ಲಿ ಅದು ಯಾರಿಗೆ ಬೇಕಿತ್ತು ಸಾರೇ?"