ಒಲೆಯಣ್ಣ ಕೊಟ್ಟ ಊದುಬತ್ತಿ

ಮೇಜಿನ ಡ್ರಾವರಿನಲ್ಲಿ ಏನೋ ಹುಡುಕುವಾಗ ಊದುಬತ್ತಿಯ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಮೂರೇ ಕಡ್ಡಿ. ಮೂಸಿದೆ. ಗಂಧ ಇನ್ನೂ ಸ್ವಲ್ಪ ಉಳಿದಿತ್ತು... ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಈ ಪೊಟ್ಟಣ ಕೊಟ್ಟವರನ್ನು ನಾನು ಪಕ್ಕಾ ಮೋಸಗಾರ ಎಂದುಕೊಂಡಿದ್ದೆ. ಒಂದು ಮುಖ್ಯ ಕೆಲಸಕ್ಕೆಂದು ಅವರು ಕೊಟ್ಟ ಕಡ್ಡಿಗಳನ್ನು ನನ್ನ ಬಾತ್‌ರೂಮಿನ ವಾಸನೆ ಓಡಿಸಲು ಉರಿಸಿದ್ದೆ.

ಆಗ ನಾನು ಒಮಾನಿನ ಬುರೈಮಿಯಲ್ಲಿದ್ದೆ. ನನ್ನ ಕಫೀಲರ, ಅಂದರೆ ನನಗೆ ವೀಸಾ ಕೊಟ್ಟ ಅರಬ್ ಧಣಿಯ, ಹಿರಿಯರ ಮನೆ ಜಬಲ್ ಅಖ್ದರ್ ಬೆಟ್ಟದ ಮೇಲಿತ್ತು. ಒಮಾನ್ ಎಂದರೆ ಬೆವರು ಎಂದುಕೊಂಡವರು ಜನವರಿಯಲ್ಲಿ ಅಲ್ಲಿಗೆ ಹೋಗಬೇಕು, ಹಲ್ಲುಗಳೇ ತಾಳ ಹಾಕುತ್ತವೆ. ಮನೆಯ ಗೋಡೆಯಲ್ಲಿ ಬೆಂಕಿ ಉರಿಸಲು ಕಲ್ಲಿನ ಗೂಡೊಂದಿತ್ತು. ಶಾಖವೆಲ್ಲ ಚಿಮಣಿಗೆ, ಹೊಗೆಯೆಲ್ಲ ಕೋಣೆಗೆ. ಆ ಗೂಡಿನೊಳಗೆ ಕೂರಿಸುವ, ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಬೇಕಿತ್ತು. "ನನ್ನ ತಾಯಿಗೆ ದಮ್ಮು. ಹೊಗೆ ಆಗದು. ನೋಡಿ ಆರಿಸು," ಎಂದು ಕಫೀಲರು ನನಗೆ ಒಪ್ಪಿಸಿದರು. ಕರಾವಳಿಯವನಾದ ನನಗೆ ಗೊತ್ತಿದ್ದ ಒಲೆ ಬಚ್ಚಲಿನ ಹಂಡೆಯ ಅಡಿಯದೊಂದೇ. ಆದರೂ ಒಲೆಗಳ ಮಧ್ಯೆಯೇ ಹುಟ್ಟಿದವನ ಹಾಗೆ ತಲೆಯಾಡಿಸಿದೆ.

ಪೇಟೆಯಲ್ಲಿ ಉಡುಪಿ ಕಡೆಯ ಒಬ್ಬರು ಒಲೆ, ಹೀಟರು ಮಾರುತ್ತಿದ್ದರು. ನಾವೆಲ್ಲ ಅವರನ್ನು ಒಲೆಯಣ್ಣ ಎನ್ನುತ್ತಿದ್ದೆವು. ಅಂಗಡಿಗೆ ಹೋಗಿ ಇದ್ದುದರಲ್ಲೇ ದೊಡ್ಡ ಒಲೆಗೆ ಬೆರಳು ತೋರಿಸಿದೆ. ಅವರು ಅದರ ಕಡೆ ನೋಡಲೇ ಇಲ್ಲ.

"ಕೋಣೆ ಎಷ್ಟು ದೊಡ್ಡದುಂಟು? ಚಿಮಣಿ ಎಷ್ಟು ಎತ್ತರ? ಕಟ್ಟಿಗೆ ಕಡಿದು ಎಷ್ಟು ತಿಂಗಳಾಯ್ತು?"

ಒಲೆ ಕೊಳ್ಳಲು ಬಂದವನಿಗೆ ಪೊಲೀಸ್ ವಿಚಾರಣೆ! ಸಂಶಯ ಅಲ್ಲಿಂದಲೇ ಶುರುವಾಯಿತು. ಕೋಣೆಯ ಅಳತೆ ಕೇಳಿದ ಮೇಲೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸಣ್ಣ ಒಲೆಯನ್ನು ತೋರಿಸಿದರು. ಮಾರಾಟವಾಗದ ಹಳೇ ಮಾಲು, ಎಂದುಕೊಂಡೆ. ಚಿಮಣಿಯ ತುದಿಯವರೆಗೆ ಒಳಗಿನಿಂದ ಸ್ಟೀಲಿನ ಕೊಳವೆಯೂ ಬೇಕೆಂದರು. ಓಹೋ, ಒಲೆಯಲ್ಲಿ ಬಿಟ್ಟದ್ದನ್ನು ಕೊಳವೆಯಲ್ಲಿ ಎತ್ತುವ ಉಪಾಯ! ಕೊನೆಗೆ ಈ ಪೊಟ್ಟಣವನ್ನು ನನ್ನ ಕೈಗಿಟ್ಟರು.

"ಮೊದಲು ಆ ಗೂಡಿನ ಬಾಯಲ್ಲಿ ಇದನ್ನು ಹಚ್ಚು. ಹೊಗೆ ಎಲ್ಲಿಗೆ ಹೋಗ್ತದೆ ನೋಡಿ ನನಗೆ ಹೇಳು. ಆಮೇಲೆ ಮಾತಾಡುವ."

ಅರಬರ ಮನೆಯಲ್ಲಿ ನನ್ನ ಕೈಯಿಂದ ಒಲೆಗೆ ಪೂಜೆ! ಈ ಮನುಷ್ಯ ನನ್ನ ಕೆಲಸಕ್ಕೇ ಬೆಂಕಿ ಇಡುತ್ತಾನೆ ಎಂದು ಹೊರಬಿದ್ದೆ. ಮರುದಿನ ಆಫೀಸಿನಲ್ಲಿ ನನ್ನದೇ ಪ್ರದರ್ಶನ. ಒಲೆಯಣ್ಣನ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಕಟ್ಟಿಗೆ ಕಡಿದು ಎಷ್ಟು ತಿಂಗಳಾಯ್ತೂ...?" ಎಂದು ಎಳೆದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಲೆಯನ್ನು ಬೇರೊಂದು ಶೋರೂಮಿನಲ್ಲಿ ಕೊಂಡೆ. ಅಲ್ಲಿ ಟೈ ಕಟ್ಟಿದವನೊಬ್ಬ ಅರಬರ ಕಾಫಿ ಕಾವಾ ಕೊಟ್ಟ, ಖರ್ಜೂರ ಕೊಟ್ಟ, ನನ್ನನ್ನು 'ಸರ್' ಎಂದ. ಒಂದೂ ಪ್ರಶ್ನೆ ಕೇಳಲಿಲ್ಲ. ಇದ್ದುದರಲ್ಲೇ ದೊಡ್ಡದನ್ನು, ಕೊಳವೆ ಇಲ್ಲದೆ ಕಟ್ಟಿಕೊಟ್ಟ.

ಬೆಟ್ಟದ ಮನೆಯಲ್ಲಿ ಅದನ್ನು ಹೊತ್ತಿಸಿದಾಗ ಸಣ್ಣ ಕೋಣೆ ಕುಲುಮೆಯಾಯಿತು. ಗಾಳಿಯ ಕಿಂಡಿ ಮುಚ್ಚಿ ಉರಿ ತಗ್ಗಿಸಿದರೆ ಕಟ್ಟಿಗೆ ಉರಿಯದೆ ಹೊಗೆಯಾಡಿತು, ಗಾಜು ಕಪ್ಪಾಯಿತು. ಒಲೆಯ ಬಾಗಿಲು ತೆರೆದರೆ ಹೊಗೆ ನೇರ ಕಫೀಲರ ತಾಯಿ, ಆ ಅಜ್ಜಿಯ ಮುಖಕ್ಕೆ. ಆ ತಾಯಿ ಕೆಮ್ಮಿ ಕೆಮ್ಮಿ, ಆ ಚಳಿಯಲ್ಲೂ ಕಂಬಳಿ ಹೊದ್ದು ತೆರೆದ ಕಿಟಕಿಯ ಬಳಿ ಹೋಗಿ ಕೂತರು. ಉಸಿರು ಎಳೆದರೆ ಸಿಳ್ಳೆಯಂಥ ಸದ್ದು... ಅದೊಂದು ಸದ್ದನ್ನು ನಾನು ಇವತ್ತಿನವರೆಗೂ ಯಾರೆದುರೂ ಅನುಕರಿಸಿಲ್ಲ. ಕಫೀಲರು ಬೈಯಲಿಲ್ಲ. "ನೋಡಿ ಆರಿಸಿದೆಯಾ?" ಎಂದಷ್ಟೇ ಕೇಳಿದರು.

ಬಾಲ ಮಡಚಿಕೊಂಡು ಒಲೆಯಣ್ಣನ ಅಂಗಡಿಗೆ ಹೋಗಿ, ಟೈಯವನ ಕಥೆಯನ್ನೆಲ್ಲ ಹೇಳಿದೆ. ಅವರು ಪಿಕಪ್ಪಿಗೆ ಸಣ್ಣ ಒಲೆ, ಕೊಳವೆ ಹೇರಿಸಿ, "ಯಲ್ಲಾ, ಹತ್ತು," ಎಂದರು. ಇದರಲ್ಲೂ ಏನೋ ಇರಬೇಕು ಎಂದು ದಾರಿಯುದ್ದಕ್ಕೂ ನನ್ನ ಹಾಳು ತಲೆ ಲೆಕ್ಕ ಹಾಕುತ್ತಲೇ ಇತ್ತು.

ಬೆಟ್ಟದ ಮೇಲೆ ಅವರು ದೊಡ್ಡ ಒಲೆಯನ್ನು ಈಚೆ ತೆಗೆಸಿ, ಗೂಡಿನ ಬಾಯಲ್ಲಿ ಊದುಬತ್ತಿ ಹಚ್ಚಿ ಹಿಡಿದರು. ಹೊಗೆಯ ಎಳೆ ಮೇಲೇರಲು ನೋಡಿ, ತಡವರಿಸಿ, ಕೋಣೆಯ ಕಡೆಗೇ ಬಾಗಿತು. ಚಿಮಣಿ ತೀರಾ ಅಗಲ, ಹೊಗೆ ಮೇಲೆ ಮುಟ್ಟುವ ಮೊದಲೇ ತಣ್ಣಗಾಗಿ ಇಳಿಯುತ್ತಿತ್ತು. ಸಂಜೆಯೊಳಗೆ ಕೊಳವೆ ಇಳಿಯಿತು, ಸಣ್ಣ ಒಲೆ ಕೂತಿತು. ಮತ್ತೊಂದು ಕಡ್ಡಿ ಹಚ್ಚಿದರು. ಈ ಸಲ ಎಳೆ ಸರ್ರನೆ ಒಲೆಯೊಳಗೆ ನುಗ್ಗಿ ಮೇಲಕ್ಕೆ ಹೋಯಿತು. ಅಜ್ಜಿ ಕಿಟಕಿ ಮುಚ್ಚಿ ಬಂದು ಒಲೆಯ ಹತ್ತಿರ ಕಾಲು ಚಾಚಿದರು.

ಒಲೆಯಣ್ಣ ಈಗಿಲ್ಲ. ರಜೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಸುದ್ದಿ ಬಂದದ್ದು ಯಾರದೋ ವಾಟ್ಸಾಪಿನಲ್ಲಿ... ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಊರಿನವರ ದನಿಯನ್ನೆಲ್ಲ ಅನುಕರಿಸುವ ನನ್ನ ಬಾಯಲ್ಲಿ ಅವರ ದನಿ ಮಾತ್ರ ಇತ್ತೀಚೆಗೆ ಸರಿಯಾಗಿ ಕೂರುತ್ತಿಲ್ಲ. ಮೂರು ಕಡ್ಡಿ ಉಳಿದಿವೆ. ಹಚ್ಚಲು ಮನಸ್ಸು ಬರಲಿಲ್ಲ.

ಅವತ್ತು ಬೆಟ್ಟ ಇಳಿಯುವಾಗ ನಾನೇ ಬಾಯಿಬಿಟ್ಟಿದ್ದೆ: "ಅಣ್ಣ, ನಿಜ ಹೇಳ್ತೇನೆ. ನನಗೆ ನಿಮ್ಮ ಮೇಲೆ ತುಂಬಾ ಸಂಶಯ ಇತ್ತು."

ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಅಷ್ಟೊಂದು ಇತ್ತಲ್ಲ ಮಾರಾಯ, ಅದರಲ್ಲಿ ಅರ್ಧವನ್ನಾದರೂ ಆ ಟೈಯವನ ಅಂಗಡಿಗೆ ತಕೊಂಡು ಹೋಗ್ಬಾರ್ದಿತ್ತಾ?"