ಚಿಪ್ಪಿನ ಇದ್ದಿಲು, ಅತ್ತೆಯ ಮೂಗು

ಚನ್ನರಾಯಪಟ್ಟಣದಲ್ಲಿ ನಮ್ಮದು ಮಹಡಿ ಮನೆ. ಕೆಳಗೆ ನನ್ನ ಗಂಡನ ಶೆಡ್ಡು. ಸ್ಕೂಟರು, ಬೈಕುಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಅವರು ಸ್ಪ್ರೇ ಹಿಡಿದರೆಂದರೆ ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಮೆಟ್ಟಿಲು ಹತ್ತಿ ಸೀದಾ ಅಡುಗೆಮನೆಗೆ ಬರುತ್ತಿತ್ತು.

“ಲೇ, ತಲೆ ಸುತ್ತತೈತೆ ಕಣ್ಲಾ! ಸಾರ್ಗೂ ಬಣ್ಣ ಬಳ್ದಂಗೈತೆ,” ಎಂದು ಅತ್ತೆ ಮೇಲಿನಿಂದಲೇ ಮಗನನ್ನು ಬೈಯುತ್ತಿದ್ದರು.

ನಾನು ಹಾಸನದ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. ಆ ಬೇಸಿಗೆಯಲ್ಲಿ ನನಗೊಂದು ಹುಚ್ಚು ಹತ್ತಿತು. ತೆಂಗಿನ ಚಿಪ್ಪಿಗೆ ನಮ್ಮೂರಲ್ಲಿ ಬರವೇ? ಅದನ್ನು ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಿ, ಕೆಂಪಗೆ ಕಾದಿರುವಾಗ ನೀರಿನ ಹಬೆ ಹಾಯಿಸಿದರೆ, ಚೂರು ಚೂರಿನೊಳಗೂ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಥಿನ್ನರಿನ ಆವಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಲೇಜಿನ ಕುಲುಮೆಯಲ್ಲಿ ಮಾಡಿದ ಇದ್ದಿಲನ್ನು ಚೀಲಕ್ಕೆ ತುಂಬಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

“ಏನವ್ವಾ ಅದು, ಎಳ್ಳಾ?” ಪಕ್ಕದಲ್ಲಿದ್ದ ಹೆಂಗಸು ಕೇಳಿದರು.

“ಗಾಳಿ ತೊಳೆಯೋ ಪುಡಿ,” ಎಂದೆ. ಅವರು ಮೆಲ್ಲಗೆ ಕಿಟಕಿಯತ್ತ ಸರಿದು ಕೂತರು.

ಮನೆಯಲ್ಲಿ ನನ್ನ ಗಂಡ ತಗಡಿನ ಡಬ್ಬಕ್ಕೆ ಜಾಲರಿ ಬಡಿದು, ಇದ್ದಿಲು ತುಂಬಿ, ಒಳಗಿನ ಗಾಳಿ ಅದರ ಮೂಲಕವೇ ಹೊರಹೋಗುವಂತೆ ಫ್ಯಾನು ಕೂರಿಸಿ ಶೆಡ್ಡಿನ ಕಿಟಕಿಗೆ ಸಿಕ್ಕಿಸಿದರು. ಪರೀಕ್ಷೆಗೆ ಅತ್ತೆಯೇ ಹೊರಗೆ ನಿಂತು ಮೂಗೊಡ್ಡಿದರು. ನಾನು ಸ್ವಿಚ್ಚು ಒತ್ತಿದೆ. ಬುಸ್ಸೆಂದು ಕಪ್ಪು ದೂಳು ಹಾರಿ ಅತ್ತೆಯ ಮುಖವೆಲ್ಲ ಮಸಿ! ಆತುರದಲ್ಲಿ ಇದ್ದಿಲನ್ನು ನಾನು ಜರಡಿಯೇ ಹಿಡಿದಿರಲಿಲ್ಲ. ಥಟ್ಟನೆ ಫ್ಯಾನು ನಿಲ್ಲಿಸಿದೆ. ಅತ್ತೆ ಅಲ್ಲಿದ್ದ ಸ್ಕೂಟರಿನ ಕನ್ನಡಿಗೆ ಬಗ್ಗಿ ನೋಡಿ, “ಅಯ್ಯಯ್ಯೋ, ಇವ್ಳ್ಯಾರ್ಲಾ!” ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಾವೂ ನಕ್ಕು ನಕ್ಕು ನೆಲಕ್ಕೆ ಕೂತೆವು.

ಮರುವಾರ ಇದ್ದಿಲನ್ನು ತೊಳೆದು, ತಾರಸಿಯಲ್ಲಿ ಒಣಗಿಸಿ, ಜರಡಿ ಹಿಡಿದು, ಡಬ್ಬದ ಬಾಯಿಗೆ ಹಳೆಯ ಕಾಟನ್ ಸೀರೆಯ ತುಂಡು ಕಟ್ಟಿದೆ. ಇವರು ಒಂದು ಸ್ಕೂಟರಿಗೆ ಕೆಂಪು ಬಣ್ಣ ಹೊಡೆದರು. ಅತ್ತೆ ಈ ಸಲ ಮಾರು ದೂರ ನಿಂತು ಮೂಸಿದರು. ಹತ್ತಿರ ಬಂದರು. ಮತ್ತೆ ಮೂಸಿದರು.

“ಎಂಗವ್ವಾ?” ಎಂದು ನಾನು ಕೇಳಿದೆ.

“ಸುಮ್ಕಿರವ್ವಾ... ಪಕ್ಕದ್ ಮನೇಲಿ ಒಬ್ಬಟ್ಟು ಮಾಡ್ತಾವ್ರೆ!”

ನಿಜವಾಗಿಯೂ ಒಬ್ಬಟ್ಟಿನ ಘಮ, ಥಿನ್ನರಿನ ಸುಳಿವೇ ಇಲ್ಲ! ನಾನು ಅಂಗಳದಲ್ಲೇ ಕುಣಿದುಬಿಟ್ಟೆ. ಇವರು ಮಾಸ್ಕು ಹಾಕಿಕೊಂಡೇ ಬಂದು ನನ್ನ ಕೈ ಹಿಡಿದು ಗಿರಗಿರ ತಿರುಗಿಸಿದರು. ಸೀರೆಗೆಲ್ಲ ಕೆಂಪು ಬಣ್ಣ ಮೆತ್ತಿತು. ಅತ್ತೆ ಮಾತ್ರ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೊರಟೇಬಿಟ್ಟರು, ಸೊಸೆಯ ಇದ್ದಿಲಿನ ಸುದ್ದಿ ಹೇಳಲು. ಒಬ್ಬಟ್ಟು ತಿನ್ನಲೂ ಇರಬೇಕು.